ಮಾಸ್ತರರನ್ನು ತಯಾರಿಸಿದ ಮಾಸ್ತರ: ಡೆಪ್ಯುಟಿ ಚನ್ನಬಸಪ್ಪ



ನಮ್ಮ ಭಾಗದ ಯಾವ ಊರಿಗೆ ಹೋದರೂ ಜನ ಶಾಲೆಯ ಬಗ್ಗೆ ಹೇಳುವ ಮಾತು ಹೆಚ್ಚುಕಡಿಮೆ ಒಂದೇ. ಕೊಠಡಿ ಸೋರುತ್ತದೆ, ಕಂಪೌಂಡ್ ಇಲ್ಲ, ಹೊಸ ಕಟ್ಟಡ ಮಂಜೂರಾಗಬೇಕು ಎನ್ನುತ್ತಾರೆ. ಕಟ್ಟಡ ಬೇಕು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕಟ್ಟಡ ಆದ ಮೇಲೆ ಒಳಗೆ ಪಾಠ ಹೇಳುವವರು ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯನ್ನು ಯಾರೂ ಮೊದಲಿಗೆ ಕೇಳುವುದಿಲ್ಲ. ಸುಮಾರು 160 ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ಮೊದಲಿಗೆ ಇಟ್ಟುಕೊಂಡು ಕೆಲಸ ಮಾಡಿದವರು ಡೆಪ್ಯುಟಿ ಚನ್ನಬಸಪ್ಪನವರು. ನಾವು ಇಂದು ಬೆಳಗಾವಿ ಜಿಲ್ಲೆಯಲ್ಲಿ ಕುಳಿತು ಕನ್ನಡದಲ್ಲಿ ಪರೀಕ್ಷೆ ಬರೆಯುತ್ತಿದ್ದೇವೆ. ಅದಕ್ಕೆ ಕಾರಣರಾದವರ ಪಟ್ಟಿ ಮಾಡಿದರೆ ಅವರ ಹೆಸರು ಬಹಳ ಮೇಲೆ ಬರುತ್ತದೆ. ಆದರೂ ನಮ್ಮ ತರಗತಿಯಲ್ಲಿ ನಾನು ವಿಚಾರಿಸಿದಾಗ ಅವರ ಹೆಸರು ಕೇಳಿದ್ದವರು ಮೂರೇ ಜನ. ಅದಕ್ಕಾಗಿ ಈ ಲೇಖನ.

ಐಗಳ ಮಠ ಮತ್ತು ಮರಾಠಿ ಶಾಲೆ

ಚನ್ನಬಸಪ್ಪನವರು ಹುಟ್ಟಿದ್ದು ಧಾರವಾಡದಲ್ಲಿ, 1834ರಲ್ಲಿ. ಆಗ ನಮ್ಮ ಭಾಗದಲ್ಲಿ ಶಾಲೆ ಹೇಗಿತ್ತು ಎಂಬುದನ್ನು ಮೊದಲು ತಿಳಿಯಬೇಕು.

ಸರಕಾರಿ ಶಾಲೆ ಬರುವ ಮೊದಲು ಹಳ್ಳಿಗಳಲ್ಲಿ ಇದ್ದದ್ದು ಐಗಳ ಮಠ. ಪಾಠ ಹೇಳುವವರನ್ನು ಐಗಳು ಎಂದು ಕರೆಯುತ್ತಿದ್ದರು. ನಮ್ಮ ಐಗಳಿಯಲ್ಲಿ ಬೆಳೆದವರ ಕಿವಿಗೆ ಈ ಶಬ್ದ ಬಹಳ ಹತ್ತಿರದ್ದು ಅನಿಸುತ್ತದೆ. ಗುಡಿಯ ಪೌಳಿಯಲ್ಲೋ ಯಾರದೋ ಮನೆಯ ಪಡಸಾಲೆಯಲ್ಲೋ ಮಕ್ಕಳು ಕೂಡುತ್ತಿದ್ದರು. ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮಗ್ಗಿ, ಕಾಲು ಅರ್ಧ ಮುಕ್ಕಾಲಿನ ಲೆಕ್ಕ, ಸ್ವಲ್ಪ ಓಲೆ ಕಾಗದ ಓದುವುದು, ಇಷ್ಟೇ ಪಾಠ. ಐಗಳಿಗೆ ಸಂಬಳ ಎಂದರೆ ಕಾಳುಕಡ್ಡಿ, ಹಬ್ಬಕ್ಕೆ ಒಂದಿಷ್ಟು ದಕ್ಷಿಣೆ. ನಮ್ಮ ಮಸೀದಿಗಳ ಮಕ್ತಬ್ ಕೂಡ ಇದೇ ರೀತಿಯದು. ಅಲ್ಲಿ ಉಸ್ತಾದರ ಮುಂದೆ ಕುಳಿತು ಖಾಯಿದಾ ಓದಿದವರಿಗೆ ಐಗಳ ಮಠದ ಚಿತ್ರ ಸುಲಭವಾಗಿ ಕಣ್ಣಿಗೆ ಬರುತ್ತದೆ.

1818ರಲ್ಲಿ ಪೇಶ್ವೆಯರ ಆಡಳಿತ ಮುಗಿದು ಧಾರವಾಡ, ಬೆಳಗಾವಿ ಭಾಗಗಳು ಬ್ರಿಟಿಷರ ಕೈಗೆ ಹೋದವು. ಮುಂದೆ ಇವು ಮುಂಬಯಿ ಪ್ರಾಂತಕ್ಕೆ ಸೇರಿದವು. ಬ್ರಿಟಿಷರು ಈ ಭಾಗವನ್ನು ಕರೆಯುತ್ತಿದ್ದುದೇ ದಕ್ಷಿಣ ಮರಾಠಾ ದೇಶ ಎಂದು. ಕಚೇರಿಯ ಕಾಗದಪತ್ರಗಳು ಮೊದಲಿನಿಂದ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ಇದ್ದವು. ಸುತ್ತಲಿನ ಸಾಂಗಲಿ, ಮೀರಜ, ಜಮಖಂಡಿ ಸಂಸ್ಥಾನಗಳನ್ನು ಆಳುತ್ತಿದ್ದವರು ಪಟವರ್ಧನರು, ಜತ್ ಸಂಸ್ಥಾನ ಡಫಳೆಯವರದು. ಅಲ್ಲಿಯ ದರಬಾರದ ಭಾಷೆಯೂ ಮರಾಠಿಯೇ. ಹೀಗಾಗಿ ಸರಕಾರಿ ಶಾಲೆಗಳು ಬಂದಾಗ ಬಹಳ ಕಡೆ ಮರಾಠಿ ಶಾಲೆಗಳೇ ಬಂದವು. ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಕನ್ನಡ ಆಡುವ ಮಗು ಶಾಲೆಯ ಹೊಸ್ತಿಲು ದಾಟಿದ ಕೂಡಲೇ ಮರಾಠಿ ಕಲಿಯಬೇಕಾಗುತ್ತಿತ್ತು.

ಇದಕ್ಕೆ ಕಾರಣ ಬರಿ ದ್ವೇಷ ಎಂದು ತಿಳಿಯಬಾರದು. ವಾಣಿಜ್ಯ ವಿದ್ಯಾರ್ಥಿಯಾಗಿ ನೋಡಿದರೆ ಇದು ಪೂರೈಕೆಯ ಪ್ರಶ್ನೆ. ಮರಾಠಿಯಲ್ಲಿ ಅಚ್ಚಾದ ಪುಸ್ತಕ ಸಿಗುತ್ತಿತ್ತು, ಕಲಿಸುವ ಜನ ಪುಣೆ ಕಡೆಯಿಂದ ಸಿಗುತ್ತಿದ್ದರು. ಕನ್ನಡದಲ್ಲಿ ಪುಸ್ತಕವೂ ಕಡಿಮೆ, ತರಬೇತಿ ಪಡೆದ ಮಾಸ್ತರರೂ ಇಲ್ಲ. ಸರಕು ಎಲ್ಲಿ ಸಿಗುತ್ತದೋ ಅಲ್ಲಿಂದ ತಂದರು. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದು ಕನ್ನಡದಲ್ಲಿ ಕೆಲಸ ಶುರುಮಾಡಿದ್ದರು, ಆದರೆ ಅದು ಎಲ್ಲ ಹಳ್ಳಿಗಳಿಗೆ ಸಾಲುವಷ್ಟು ಇರಲಿಲ್ಲ.

ಚನ್ನಬಸಪ್ಪನವರು ಸ್ವತಃ ಕಲಿತದ್ದು ಮರಾಠಿ ಶಾಲೆಯಲ್ಲಿ. ಮನೆಯ ಮಾತು ಕನ್ನಡ, ಶಾಲೆಯ ಮಾತು ಮರಾಠಿ. ಇಂಗ್ಲಿಷ್ ಕಲಿಯುವ ಆಸೆ ಬಂದಾಗ ಅವರು ಧಾರವಾಡದಿಂದ ಪುಣೆಗೆ ಕಾಲ್ನಡಿಗೆಯಲ್ಲಿ ಹೋದರು. ಇಂದಿನ ರಸ್ತೆಯಲ್ಲಿ ಅಳೆದರೂ ಅದು 400 ಕಿಲೋಮೀಟರಿಗಿಂತ ಹೆಚ್ಚು. ಭಾರತದ ಮೊದಲ ಪ್ಯಾಸೆಂಜರ್ ರೈಲು ಮುಂಬಯಿಯಿಂದ ಠಾಣೆಗೆ ಓಡಿದ್ದು 1853ರಲ್ಲಿ, ಧಾರವಾಡಕ್ಕೆ ರೈಲು ಬರಲು ಇನ್ನೂ ಮೂರು ದಶಕ ಬೇಕಿತ್ತು. ಕಲಿಯಬೇಕೆಂಬ ಹುಡುಗನಿಗೆ ಇದ್ದದ್ದು ಎರಡು ಕಾಲು ಮತ್ತು ದಾರಿಯಲ್ಲಿ ಅನ್ನ ಹಾಕುವವರ ಮನಸ್ಸು.

ನಾರ್ಮಲ್ ಸ್ಕೂಲ್ ಎಂದರೇನು?

1854ರಲ್ಲಿ ಚಾರ್ಲ್ಸ್ ವುಡ್ ಎಂಬವರು ಇಂಗ್ಲೆಂಡಿನಿಂದ ಕಳಿಸಿದ ಶಿಕ್ಷಣ ಆದೇಶದ ಬಗ್ಗೆ ನಾವು ಹೈಸ್ಕೂಲಿನ ಇತಿಹಾಸದಲ್ಲಿ ಒಂದು ಸಾಲು ಓದಿರುತ್ತೇವೆ. ಪ್ರತಿ ಪ್ರಾಂತಕ್ಕೂ ಒಂದು ಶಿಕ್ಷಣ ಇಲಾಖೆ ಬೇಕು, ಶಾಲೆಗಳನ್ನು ನೋಡಲು ಇನ್‌ಸ್ಪೆಕ್ಟರ್ ಬೇಕು, ಜನಸಾಮಾನ್ಯರಿಗೆ ಅವರ ನಾಡಭಾಷೆಯಲ್ಲಿ ಕಲಿಸಬೇಕು, ಮಾಸ್ತರರಿಗೆ ತರಬೇತಿ ಕೊಡಬೇಕು ಎಂದು ಅದರಲ್ಲಿ ಇತ್ತು. ಮರುವರ್ಷ, ಅಂದರೆ 1855ರಲ್ಲಿ, ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆ ಹುಟ್ಟಿತು. ಆ ದಶಕದ ಕೊನೆಯ ಹೊತ್ತಿಗೆ ಧಾರವಾಡದಲ್ಲಿ ಒಂದು ನಾರ್ಮಲ್ ಸ್ಕೂಲ್ ತೆರೆಯಿತು.

ಈ ಹೆಸರು ನಮಗೆ ವಿಚಿತ್ರ ಅನಿಸಬಹುದು. ನಾರ್ಮಲ್ ಅಂದರೆ ಇಲ್ಲಿ ಸಾಧಾರಣ ಎಂದು ಅರ್ಥವಲ್ಲ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1794ರಲ್ಲಿ, ಪ್ಯಾರಿಸ್‌ನಲ್ಲಿ ಶಿಕ್ಷಕರನ್ನು ತಯಾರಿಸಲು ಒಂದು ಶಾಲೆಯನ್ನು ನಿಶ್ಚಯಿಸಿ ಈ ಹೆಸರು ಇಟ್ಟರು. ಕಲಿಸುವುದಕ್ಕೆ ಒಂದು ನಾರ್ಮ್ ಇರಬೇಕು, ಅಂದರೆ ಒಂದು ಪ್ರಮಾಣ ಇರಬೇಕು ಎಂಬ ವಿಚಾರ ಅದರದು. ಅಕ್ಷರ ಬಲ್ಲವನೆಲ್ಲ ಮಾಸ್ತರನಲ್ಲ, ಕಲಿಸುವುದನ್ನೂ ಕಲಿಯಬೇಕು ಎಂಬುದೇ ಇದರ ತಿರುಳು.

ಧಾರವಾಡದ ನಾರ್ಮಲ್ ಸ್ಕೂಲ್ ಮೊದಲಿಗೆ ಸಣ್ಣದು. ಕನ್ನಡದಲ್ಲಿ ಓದಿದರೆ ಏನು ಸಿಗುತ್ತದೆ ಎಂದು ಜನ ಕೇಳುವ ಕಾಲ ಅದು. ಕಚೇರಿಯಲ್ಲಿ ಬೇಕಾದದ್ದು ಮರಾಠಿ, ದೊಡ್ಡ ನೌಕರಿಗೆ ಬೇಕಾದದ್ದು ಇಂಗ್ಲಿಷ್. ಹಾಗಿರುವಾಗ ಕನ್ನಡ ಮಾಸ್ತರ ಆಗಲು ಯಾರು ಮಗನನ್ನು ಕಳಿಸುತ್ತಾರೆ? 1860ರ ದಶಕದ ಆರಂಭದಲ್ಲಿ ಇಂಥ ಶಾಲೆಯ ಮುಖ್ಯಸ್ಥರಾಗಿ ಚನ್ನಬಸಪ್ಪನವರು ಬಂದರು. ಇಂಗ್ಲಿಷ್ ಕಲಿತಿದ್ದ ಅವರಿಗೆ ಬೇರೆ ಇಲಾಖೆಯ ಬಾಗಿಲುಗಳೂ ತೆರೆದಿದ್ದವು. ಅವರು ಶಾಲೆಯನ್ನೇ ಹಿಡಿದರು.

ಮೇಲೆ ಶಿಕ್ಷಣ ಇಲಾಖೆಯ ದಕ್ಷಿಣ ವಿಭಾಗದ ಇನ್‌ಸ್ಪೆಕ್ಟರ್ ಆಗಿದ್ದವರು ಡಬ್ಲ್ಯೂ. ಎ. ರಸೆಲ್ ಎಂಬ ಇಂಗ್ಲಿಷ್ ಅಧಿಕಾರಿ. ಕನ್ನಡ ಮಾತಾಡುವ ಮಕ್ಕಳಿಗೆ ಕನ್ನಡದಲ್ಲೇ ಶಾಲೆ ಇರಬೇಕು ಎಂಬುದನ್ನು ಅವರು ಒಪ್ಪಿದ್ದರು. ಮೇಲಧಿಕಾರಿಯ ಒಪ್ಪಿಗೆ ಇದ್ದರೆ ಆದೇಶ ಹೊರಡಿಸಬಹುದು. ಆದರೆ ಆದೇಶದ ಕಾಗದ ಹಳ್ಳಿಗೆ ಹೋಗಿ ಪಾಠ ಹೇಳುವುದಿಲ್ಲ. ಒಂದು ಮರಾಠಿ ಶಾಲೆಯನ್ನು ಕನ್ನಡ ಶಾಲೆ ಮಾಡಬೇಕಾದರೆ ಒಬ್ಬ ಕನ್ನಡ ಮಾಸ್ತರ ಬೇಕು, ನೂರು ಶಾಲೆ ಮಾಡಬೇಕಾದರೆ ನೂರು ಮಾಸ್ತರರು ಬೇಕು. ಆ ನೂರು ಜನ ತಯಾರಾಗಬೇಕಾದ ಜಾಗ ನಾರ್ಮಲ್ ಸ್ಕೂಲ್. ಅದಕ್ಕೇ ಚನ್ನಬಸಪ್ಪನವರು ಅದನ್ನು ಬೆಳೆಸಿದರು, ಮುಂದೆ ಅದೇ ಧಾರವಾಡದ ಟ್ರೇನಿಂಗ್ ಕಾಲೇಜು ಎಂದು ಹೆಸರಾಯಿತು.

ನಮ್ಮ ಕಡೆ ದ್ರಾಕ್ಷಿ ಬೆಳೆಯುವವರಿಗೆ ಇದು ಬೇಗ ತಿಳಿಯುತ್ತದೆ. ತೋಟ ಮಾಡುವವನು ಒಂದು ತೋಟ ಮಾಡುತ್ತಾನೆ, ಒಳ್ಳೆಯ ಸಸಿ ಮಾಡುವವನು ಊರಿನ ಎಲ್ಲ ತೋಟಕ್ಕೂ ಬೇಕಾಗುತ್ತಾನೆ.

ಒಂದು ಸಣ್ಣ ಲೆಕ್ಕ

ಇದನ್ನು ಅಂಕಿಗಳಲ್ಲಿ ನೋಡೋಣ. ಇದು ಕೇವಲ ತಿಳಿಯಲು ಮಾಡಿದ ಲೆಕ್ಕ, ಆ ಕಾಲದ ದಾಖಲೆಯಲ್ಲ. ಒಬ್ಬ ಒಳ್ಳೆಯ ಮಾಸ್ತರರು ಒಂದು ಶಾಲೆಯಲ್ಲಿ 40 ಮಕ್ಕಳಿಗೆ ಕಲಿಸುತ್ತಾರೆ ಎಂದುಕೊಳ್ಳಿ. ಅವರು ಎಷ್ಟೇ ದುಡಿದರೂ ಒಂದು ದಿನಕ್ಕೆ ಆ 40 ಮಕ್ಕಳಿಗಷ್ಟೇ ಕಲಿಸಬಲ್ಲರು. ಅದೇ ಮಾಸ್ತರರು ವರ್ಷಕ್ಕೆ 20 ಜನ ಹೊಸ ಮಾಸ್ತರರನ್ನು ತಯಾರಿಸಿದರೆ, ಆ 20 ಜನ ಒಂದೇ ದಿನ 800 ಮಕ್ಕಳಿಗೆ ಕಲಿಸುತ್ತಾರೆ. 10 ವರ್ಷಕ್ಕೆ 200 ಮಾಸ್ತರರು, 8,000 ಮಕ್ಕಳು. ಆ ಮಕ್ಕಳಲ್ಲಿ ಕೆಲವರು ಮತ್ತೆ ಮಾಸ್ತರರಾಗುತ್ತಾರೆ. ಚಕ್ರಬಡ್ಡಿಯ ಪಾಠವನ್ನು ನಾವು ಹಣಕ್ಕೆ ಮಾತ್ರ ಹಚ್ಚಿ ಓದುತ್ತೇವೆ, ಅದು ಶಿಕ್ಷಣಕ್ಕೂ ಹೊಂದುತ್ತದೆ.

ಈ ಬೆಳವಣಿಗೆಗೆ ಹಣ ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು. 1863ರ ಸುಮಾರಿಗೆ ಮುಂಬಯಿ ಪ್ರಾಂತದಲ್ಲಿ ಭೂಕಂದಾಯದ ಪ್ರತಿ ರೂಪಾಯಿಯ ಮೇಲೆ 1 ಆಣೆ ಸ್ಥಳೀಯ ಕರ ಕೂಡಿಸುವ ಪದ್ಧತಿ ಬಂತು. ಅದರ ಮೂರನೆಯ ಒಂದು ಪಾಲು ಶಾಲೆಗಳಿಗೆ, ಉಳಿದದ್ದು ರಸ್ತೆ ಮುಂತಾದ ಕೆಲಸಗಳಿಗೆ. 1869ರಲ್ಲಿ ಇದಕ್ಕೆ ಕಾಯ್ದೆಯ ಬಲ ಬಂತು. ಆಗ 1 ರೂಪಾಯಿಗೆ 16 ಆಣೆ, 1 ಆಣೆಗೆ 12 ಪೈ. ಅಂದರೆ ಒಬ್ಬ ರೈತ 1 ರೂಪಾಯಿ ಕಂದಾಯ ಕಟ್ಟಿದರೆ ಶಾಲೆಗೆ ಹೋಗುತ್ತಿದ್ದದ್ದು 4 ಪೈ. ಒಂದು ಊರು 1,000 ರೂಪಾಯಿ ಕಂದಾಯ ಕಟ್ಟಿದರೆ ಶಾಲೆಯ ಪಾಲು 20 ರೂಪಾಯಿ 13 ಆಣೆ 4 ಪೈ.

ಇದು ಕೇಳಲು ಸಣ್ಣ ಮೊತ್ತ. ಆದರೆ ಇದರಲ್ಲಿ ಎರಡು ಸಂಗತಿಗಳಿವೆ. ಒಂದು, ಇದು ವರ್ಷಾ ಬರುವ ಆದಾಯ, ದಾನದ ಹಾಗೆ ಒಮ್ಮೆ ಬಂದು ನಿಲ್ಲುವುದಲ್ಲ. ಸಂಬಳ ಎಂಬುದು ಪ್ರತಿ ತಿಂಗಳ ಖರ್ಚು, ಅದಕ್ಕೆ ನಿಂತ ಆದಾಯವೇ ಬೇಕು. ಎರಡು, ಈ ಹಣ ಕೊಟ್ಟವರು ಕನ್ನಡ ಮಾತಾಡುವ ರೈತರು. ಹಣ ಅವರದಾದರೆ ಶಾಲೆ ಅವರ ಮಕ್ಕಳಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು ಎಂದು ಕೇಳುವ ಹಕ್ಕೂ ಅವರದೇ. ಅಥಣಿಯ ಹತ್ತಿ ಬೆಳೆದ ರೈತನ 4 ಪೈಯಲ್ಲಿ ಬೇರೆ ಭಾಷೆಯ ಶಾಲೆ ನಡೆಯುವುದು ನ್ಯಾಯವಾಗಿರಲಿಲ್ಲ.

ಮಾಸ್ತರನ ಕೈಗೆ ಪುಸ್ತಕ

ಮಾಸ್ತರ ತಯಾರಾದರು, ಸಂಬಳಕ್ಕೆ ಹಣವೂ ಬಂತು. ಅವರ ಕೈಯಲ್ಲಿ ಏನು ಕೊಟ್ಟು ಕಳಿಸಬೇಕು? ಕನ್ನಡದಲ್ಲಿ ಗಣಿತ, ಭೂಗೋಳ, ಇತಿಹಾಸದ ಪುಸ್ತಕಗಳು ಬೇಕಿದ್ದವು. ಈ ಕೆಲಸಕ್ಕೆ ಧಾರವಾಡದಲ್ಲಿ ಒಂದು ಗುಂಪೇ ಕೂಡಿತು. ಬೈಲಹೊಂಗಲದ ಗಂಗಾಧರ ಮಡಿವಾಳೇಶ್ವರ ತುರಮರಿಯವರು ಬಾಣಭಟ್ಟನ ಕಾದಂಬರಿಯನ್ನು ಕನ್ನಡಕ್ಕೆ ತಂದ ಪಂಡಿತರು. ವೆಂಕಟರಂಗೋ ಕಟ್ಟಿಯವರು ಶಿಕ್ಷಣ ಇಲಾಖೆಗಾಗಿ ಅನುವಾದ ಮಾಡಿದವರು, ಪತ್ರಿಕೆ ನಡೆಸಿದವರು. ಇವರೆಲ್ಲ ಚನ್ನಬಸಪ್ಪನವರ ಜೊತೆಗಾರರು.

1865ರಲ್ಲಿ ಮಠಪತ್ರಿಕೆ ಎಂಬ ಮಾಸಪತ್ರಿಕೆ ಶುರುವಾಯಿತು. ಇಲ್ಲಿ ಮಠ ಎಂದರೆ ಶಾಲೆ, ಐಗಳ ಮಠ ಎಂಬಲ್ಲಿ ಇರುವ ಅದೇ ಅರ್ಥ. ಇದು ಮಾಸ್ತರರಿಗಾಗಿ ಇದ್ದ ಪತ್ರಿಕೆ. ತರಬೇತಿ ಮುಗಿಸಿ ದೂರದ ಹಳ್ಳಿಗೆ ಹೋದ ಮಾಸ್ತರ ಅಲ್ಲಿ ಒಬ್ಬಂಟಿ. ಸಂಶಯ ಬಂದರೆ ಕೇಳಲು ಯಾರೂ ಇಲ್ಲ, ಹೊಸದು ಓದಲು ಏನೂ ಇಲ್ಲ. ತಿಂಗಳಿಗೊಮ್ಮೆ ಬರುವ ಪತ್ರಿಕೆ ಅವರನ್ನು ಧಾರವಾಡದ ಜೊತೆಗೆ ಕಟ್ಟಿ ಇಡುತ್ತಿತ್ತು. ಧಾರವಾಡದಿಂದ ಶಿಕ್ಷಕರಿಗಾಗಿ ಹೊರಡುವ ಜೀವನ ಶಿಕ್ಷಣ ಮಾಸಪತ್ರಿಕೆ ಇದೇ ಪರಂಪರೆಯದು. ನಮ್ಮ ಗುರುಗಳಲ್ಲಿ ಕೆಲವರು ಅದನ್ನು ಓದಿರಬಹುದು.

ಚನ್ನಬಸಪ್ಪನವರು ತಾವೂ ಬರೆದರು. ಷೇಕ್ಸ್‌ಪಿಯರನ ಕಾಮಿಡಿ ಆಫ್ ಎರರ್ಸ್ ನಾಟಕವನ್ನು ಆಧರಿಸಿ ಅವರು ಬರೆದ ನಗದವರನ್ನು ನಗಿಸುವ ಕಥೆ 1871ರಲ್ಲಿ ಪ್ರಕಟವಾಯಿತು. ಷೇಕ್ಸ್‌ಪಿಯರ್ ಕನ್ನಡಕ್ಕೆ ಬಂದ ಮೊದಲ ಹೆಜ್ಜೆಗಳಲ್ಲಿ ಇದು ಒಂದು. ಶಾಲೆಯ ಲೆಕ್ಕಪತ್ರ, ತಪಾಸಣೆ, ವರದಿ ಇವುಗಳ ನಡುವೆ ಒಬ್ಬ ಅಧಿಕಾರಿ ಕುಳಿತು ನಗೆಯ ಕಥೆ ಬರೆದರು. ಕನ್ನಡದಲ್ಲಿ ಓದಲು ಕಲಿತ ಹುಡುಗನಿಗೆ ಪಾಠಪುಸ್ತಕ ಮುಗಿದ ಮೇಲೆಯೂ ಓದಲು ಏನಾದರೂ ಬೇಕಲ್ಲ.

ಡೆಪ್ಯುಟಿ ಎಂಬ ಹೆಸರು

ಮುಂದೆ ಅವರು ಬೆಳಗಾವಿಯಲ್ಲಿ ಡೆಪ್ಯುಟಿ ಎಜುಕೇಶನಲ್ ಇನ್‌ಸ್ಪೆಕ್ಟರ್ ಆದರು. ಆ ಹುದ್ದೆಯ ಹೆಸರೇ ಅವರ ಹೆಸರಿನ ಭಾಗವಾಗಿ ಡೆಪ್ಯುಟಿ ಚನ್ನಬಸಪ್ಪ ಎಂದಾಯಿತು. ಇನ್‌ಸ್ಪೆಕ್ಟರನ ಕೆಲಸ ಎಂದರೆ ಸುತ್ತಾಟ. ಊರೂರಿಗೆ ಹೋಗಿ ಹಾಜರಿ ನೋಡಬೇಕು, ಮಕ್ಕಳ ಪರೀಕ್ಷೆ ಮಾಡಬೇಕು, ಊರ ಹಿರಿಯರ ಜೊತೆ ಮಾತಾಡಬೇಕು, ವರದಿ ಬರೆಯಬೇಕು. ಧಾರವಾಡದಲ್ಲಿ ತಾವು ತಯಾರಿಸಿದ ಮಾಸ್ತರರು ಶಾಲೆಯಲ್ಲಿ ಹೇಗೆ ಕೆಲಸ ಮಾಡುತ್ತಿದ್ದಾರೆ ಎಂಬುದನ್ನು ನೋಡುವ ಅವಕಾಶ ಹೀಗೆ ಅವರಿಗೆ ಸಿಕ್ಕಿತು. ಸರಕು ತಯಾರಿಸಿದವನೇ ಬಳಕೆದಾರನ ಮನೆಗೆ ಹೋಗಿ ವಿಚಾರಿಸಿದ ಹಾಗೆ.

ಬೆಳಗಾವಿ ಜಿಲ್ಲೆಯಲ್ಲಿ ಈ ಕೆಲಸ ಧಾರವಾಡಕ್ಕಿಂತ ಕಷ್ಟದ್ದು. ಇಲ್ಲಿ ಕನ್ನಡದವರೂ ಮರಾಠಿಯವರೂ ಒಂದೇ ಓಣಿಯಲ್ಲಿ ಇದ್ದಾರೆ, ಇಂದಿಗೂ ಇದ್ದಾರೆ. ಚನ್ನಬಸಪ್ಪನವರು ಮರಾಠಿಯ ವೈರಿಯಾಗಿರಲಿಲ್ಲ, ಅವರು ಓದಿದ್ದೇ ಮರಾಠಿಯಲ್ಲಿ. ಮರಾಠಿ ಮಗುವಿಗೆ ಮರಾಠಿ ಶಾಲೆ ಇರುವ ಹಾಗೆ ಕನ್ನಡ ಮಗುವಿಗೆ ಕನ್ನಡ ಶಾಲೆ ಇರಲಿ ಎಂಬಷ್ಟೇ ಅವರ ಕೆಲಸದ ಅರ್ಥ. ಗಡಿಯ ಹೆಸರಿನಲ್ಲಿ ಬಸ್ಸಿಗೆ ಮಸಿ ಬಳಿಯುವ ಸುದ್ದಿ ಬಂದಾಗಲೆಲ್ಲ ಇದು ನೆನಪಾಗಬೇಕು. ಅವರು ಯಾರ ಬೋರ್ಡನ್ನೂ ಅಳಿಸಲಿಲ್ಲ, ಕಲಿಸುವವರನ್ನು ತಯಾರಿಸಿದರು.

1881ರಲ್ಲಿ ಬೆಳಗಾವಿಯಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 50 ವರ್ಷವೂ ತುಂಬಿರಲಿಲ್ಲ. ಅವರ ನಂತರ ಕೆಲಸ ನಿಲ್ಲಲಿಲ್ಲ. 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1916ರಲ್ಲಿ ಬೆಳಗಾವಿಯಲ್ಲಿ ಒಂದು ಶಾಲೆಯಿಂದ ಕೆ.ಎಲ್.ಇ. ಸಂಸ್ಥೆ ಶುರುವಾಯಿತು. ಅದನ್ನು ಕಟ್ಟಿದ ಏಳು ಜನರನ್ನು ಸಪ್ತರ್ಷಿಗಳು ಎಂದು ಕರೆಯುತ್ತಾರೆ. 1956ರಲ್ಲಿ ಭಾಷೆಯ ಆಧಾರದ ಮೇಲೆ ರಾಜ್ಯಗಳಾದಾಗ ನಮ್ಮ ಜಿಲ್ಲೆ ಕನ್ನಡ ರಾಜ್ಯಕ್ಕೆ ಬಂತು. ನಡುವೆ ಸುಮಾರು 90 ವರ್ಷ ಕನ್ನಡ ಶಾಲೆಯ ಮಾಸ್ತರರು ಮಾಡಿದ ಪಾಠ ಇಲ್ಲದಿದ್ದರೆ ಕನ್ನಡದಲ್ಲಿ ಓದಿ ಬರೆಯುವ ಜನ ಇಷ್ಟು ಇರುತ್ತಿರಲಿಲ್ಲ.

ಉರ್ದು ಮನೆಯ ಮಕ್ಕಳಿಗೆ ಇದರಲ್ಲಿ ಏನಿದೆ?

ಇಲ್ಲಿಯವರೆಗೆ ಓದಿದ ಗೆಳೆಯರಲ್ಲಿ ಒಂದು ಪ್ರಶ್ನೆ ಎದ್ದಿರಬಹುದು. ಚನ್ನಬಸಪ್ಪನವರ ಮನೆಯ ಮಾತು ಕನ್ನಡ, ಅವರು ಕನ್ನಡ ಶಾಲೆಗಾಗಿ ದುಡಿದರು. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮನೆಯ ಮಾತು ಉರ್ದು. ನಮಗೂ ಅವರಿಗೂ ಏನು ಸಂಬಂಧ?

ಸಂಬಂಧ ಇದೆ ಎಂದು ನನಗೆ ಅನಿಸುತ್ತದೆ. ಮನೆಯ ಮಾತು ಒಂದು, ಶಾಲೆಯ ಮಾತು ಇನ್ನೊಂದು ಆದಾಗ ಮಗುವಿಗೆ ಏನಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು, ನಮಗೂ ಗೊತ್ತು. ನಾನು ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ ಎಂಟಕ್ಕೆ ಕನ್ನಡ ಮಾಧ್ಯಮಕ್ಕೆ ಬಂದೆ. ಕನ್ನಡ ಮಾತಾಡಲು ನಮಗೆ ಚಿಕ್ಕಂದಿನಿಂದ ಬರುತ್ತದೆ, ಬಜಾರಿನಲ್ಲಿ ಆಡುವುದು ಅದೇ. ಆದರೆ ವಿಜ್ಞಾನದ ಪುಸ್ತಕದ ದ್ಯುತಿಸಂಶ್ಲೇಷಣೆ, ಗಣಿತದ ಸಮಾಂತರ ಚತುರ್ಭುಜ ಎಂಬ ಶಬ್ದಗಳು ಬಜಾರಿನಲ್ಲಿ ಸಿಗುವುದಿಲ್ಲ. ನನ್ನ ಜೊತೆ ಏಳನೆಯ ತರಗತಿ ಮುಗಿಸಿದ ಹನ್ನೊಂದು ಜನರಲ್ಲಿ ನಾಲ್ವರು ಹತ್ತನೆಯ ತರಗತಿ ಮುಟ್ಟಲಿಲ್ಲ. ಅವರಲ್ಲಿ ಒಬ್ಬ ಲೆಕ್ಕದಲ್ಲಿ ನನಗಿಂತ ಚುರುಕು, ಈಗ ಗ್ಯಾರೇಜಿನಲ್ಲಿ ಇದ್ದಾನೆ. ಅವನಿಗೆ ಬುದ್ಧಿ ಕಡಿಮೆ ಇರಲಿಲ್ಲ. ಏಳಕ್ಕೂ ಎಂಟಕ್ಕೂ ನಡುವೆ ಒಂದು ಹಳ್ಳ ಇತ್ತು, ಅದನ್ನು ದಾಟಿಸುವವರು ಇರಲಿಲ್ಲ.

ಮನೆಗಳಲ್ಲಿ ಇದರ ಬಗ್ಗೆ ವಾದ ನಡೆಯುತ್ತದೆ. ಉರ್ದು ಬಿಡಬಾರದು, ಅದು ನಮ್ಮ ಗುರುತು ಎನ್ನುತ್ತಾರೆ ದಾದಿ. ಕನ್ನಡ ಇಲ್ಲದೆ ನೌಕರಿ ಇಲ್ಲ ಎನ್ನುತ್ತಾರೆ ಅಬ್ಬಾ. ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿ ಎನ್ನುತ್ತಾರೆ ನೆರೆಯವರು. ನನ್ನ ತಮ್ಮ ಈಗ ಆರನೆಯ ತರಗತಿಯಲ್ಲಿ ಇರುವುದರಿಂದ ನಮ್ಮ ಮನೆಯಲ್ಲಿ ಈ ವಾದ ಇನ್ನೂ ಮುಗಿದಿಲ್ಲ. ಚನ್ನಬಸಪ್ಪನವರ ಕೆಲಸ ಓದಿದ ಮೇಲೆ ನನಗೆ ಅನಿಸಿದ್ದು, ಯಾವ ಮಾಧ್ಯಮ ಎಂಬ ವಾದದಷ್ಟೇ ಕಲಿಸುವವರು ಯಾರು ಎಂಬುದೂ ಮುಖ್ಯ. ಉರ್ದುವಿನಲ್ಲಿ ತಿಳಿಸಿ ಕನ್ನಡಕ್ಕೆ ಕೈಹಿಡಿದು ಕರೆದೊಯ್ಯುವ, ಎರಡೂ ಭಾಷೆ ಚೆನ್ನಾಗಿ ಬಲ್ಲ ಒಬ್ಬ ಮಾಸ್ತರ ಇದ್ದರೆ ನನ್ನ ಗೆಳೆಯ ಇಂದು ನಮ್ಮ ಬೆಂಚಿನಲ್ಲಿ ಇರುತ್ತಿದ್ದ.

ಕನ್ನಡ ಶಾಲೆ ನಮಗೆ ಪರಕೀಯವೂ ಅಲ್ಲ. ಹಾಜರಿ, ದಾಖಲೆ, ಇಲಾಖೆ, ತಾಲ್ಲೂಕು, ಜಿಲ್ಲೆ, ರಜೆ, ಶಿಫಾರಸು, ಜಮಾ, ಖರ್ಚು, ಬಾಕಿ ಇವೆಲ್ಲ ಅರಬ್ಬಿ ಪಾರಸಿಯಿಂದ ಬಂದು ಕನ್ನಡದಲ್ಲಿ ನೆಲೆನಿಂತ ಶಬ್ದಗಳು. ಹಿಂದೆ ಕನ್ನಡ ಏಳನೆಯ ಪರೀಕ್ಷೆಗೆ ಇದ್ದ ಮುಲ್ಕಿ ಎಂಬ ಹೆಸರು ಕೂಡ ಮುಲ್ಕ್ ಎಂಬ ಶಬ್ದದಿಂದ ಬಂದದ್ದು. ಚನ್ನಬಸಪ್ಪನವರ ಕಾಲದಲ್ಲೇ, ಆಗಿನ ಧಾರವಾಡ ಜಿಲ್ಲೆಯಲ್ಲೇ, ಶಿಶುನಾಳದ ಷರೀಫ ಸಾಹೇಬರು ಇದ್ದರು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಅವರ ತತ್ವಪದಗಳನ್ನು ಎಲ್ಲರೂ ಬಲ್ಲರು. ಅವರು ಕೆಲವು ಕಾಲ ಶಾಲೆಯ ಮಾಸ್ತರರಾಗಿದ್ದರು ಎಂಬುದನ್ನು ಬಲ್ಲವರು ಕಡಿಮೆ. ಮುಸಲ್ಮಾನರ ಮನೆಯಿಂದ ಬಂದವರು ಕನ್ನಡ ಕಲಿಸುವುದು ಈ ನೆಲದಲ್ಲಿ ಹೊಸದಲ್ಲ.

ಇನ್ನೊಂದು ಮಾತನ್ನು ನನ್ನ ವಾಣಿಜ್ಯ ವಿಭಾಗದ ಗೆಳೆಯರಿಗೆ ಹೇಳಬೇಕು. ಮುಂದೆ ಏನು ಮಾಡುತ್ತೀರಿ ಎಂದರೆ ಸಿ.ಎ., ಬ್ಯಾಂಕ್, ಇಲ್ಲವೇ ದುಬೈ ಎನ್ನುತ್ತೇವೆ. ಶಿಕ್ಷಕ ಆಗುತ್ತೇನೆ ಎಂದವರನ್ನು ಕಂಡು ಬೇರೆ ಏನೂ ಸಿಗಲಿಲ್ಲವೇ ಎಂದು ಕೇಳುವ ರೂಢಿ ಇದೆ. 1860ರಲ್ಲಿಯೂ ಕನ್ನಡ ಮಾಸ್ತರಕಿಗೆ ಜನ ಇದೇ ಮಾತು ಹೇಳುತ್ತಿದ್ದರು. ಹೂಡಿಕೆಯ ಲೆಕ್ಕದಲ್ಲಿ ನೋಡಿದರೂ ಧಾರವಾಡದ ಆ ಸಣ್ಣ ಶಾಲೆಗಿಂತ ಹೆಚ್ಚಿನ ಪ್ರತಿಫಲ ಕೊಟ್ಟ ಹೂಡಿಕೆ ನಮ್ಮ ಭಾಗದಲ್ಲಿ ನನಗೆ ಕಾಣುವುದಿಲ್ಲ.

ನಾವು ಮಾಡಬಹುದಾದದ್ದು

ನಮ್ಮ ಕೈಯಲ್ಲಿ ಇಲಾಖೆ ಇಲ್ಲ, ಕರ ಹಾಕುವ ಅಧಿಕಾರವೂ ಇಲ್ಲ. ಆದರೆ ಎರಡೂ ಭಾಷೆ ಬಲ್ಲ ಹುಡುಗ ಹುಡುಗಿಯರು ಈ ಕಾಲೇಜಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಉರ್ದು ಶಾಲೆಯ ಆರು ಮತ್ತು ಏಳನೆಯ ತರಗತಿಯ ಮಕ್ಕಳಿಗೆ ವಾರಕ್ಕೆ ಎರಡು ಸಂಜೆ, ಅಸರ್ ನಮಾಜಿನ ನಂತರ ಒಂದು ಗಂಟೆ, ಗಣಿತ ಮತ್ತು ವಿಜ್ಞಾನದ ಕನ್ನಡ ಶಬ್ದಗಳನ್ನು ಉರ್ದುವಿನಲ್ಲಿ ತಿಳಿಸಿ ಕಲಿಸಬಹುದು. ಬೇಕಾಗುವುದು ಒಂದು ಕೊಠಡಿ, ಒಂದು ಕರಿಹಲಗೆ ಮತ್ತು ಆರು ಜನ. ವಾರಕ್ಕೆ ಇಬ್ಬರು ಎಂದರೆ ಒಬ್ಬರ ಪಾಳಿ ಮೂರು ವಾರಕ್ಕೊಮ್ಮೆ ಬರುತ್ತದೆ, ಯಾರ ಓದಿಗೂ ತೊಂದರೆಯಿಲ್ಲ. ಮೊದಲು ನಮ್ಮ ಕನ್ನಡ ಉಪನ್ಯಾಸಕರಿಂದ ಹೇಗೆ ಕಲಿಸಬೇಕು ಎಂಬುದನ್ನು ನಾವು ನಾಲ್ಕು ದಿನ ಕಲಿಯಬೇಕು, ಅಕ್ಷರ ಬಲ್ಲವರೆಲ್ಲ ಮಾಸ್ತರರಲ್ಲವಲ್ಲ.

ಇದರ ಬಗ್ಗೆ ಪ್ರಾಚಾರ್ಯರ ಹತ್ತಿರ ಮಾತಾಡಿದ್ದೇನೆ. ಶುಕ್ರವಾರ ಬಿಟ್ಟು ಬೇರೆ ದಿನ ಹನ್ನೆರಡನೆಯ ನಂಬರಿನ ಕೊಠಡಿ ಕೊಡುವುದಾಗಿ ಹೇಳಿದ್ದಾರೆ. ನನ್ನ ಹೆಸರು ಸೇರಿ ಈಗ ಮೂವರು ಆಗಿದ್ದೇವೆ, ಇನ್ನೂ ಮೂವರು ಬೇಕು. ಹೆಸರು ಬರೆಸುವ ಹಾಳೆಯನ್ನು ಗ್ರಂಥಾಲಯದ ಮೇಜಿನ ಮೇಲೆ ಇಟ್ಟಿದೆ.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ